ಒರೆಸುವ ಮೊದಲು ನೋಡು

ಮಗಳೇ,

ಹೋದ ಭಾನುವಾರ ವೀಡಿಯೊ ಕರೆಯಲ್ಲಿ ಹೊಸ ಮನೆಯನ್ನೆಲ್ಲ ಸುತ್ತಾಡಿಸಿ ತೋರಿಸಿದೆ. ದೇವರ ಮೂಲೆ, ಮಗುವಿನ ಕೋಣೆ, ಹಿತ್ತಿಲಿನ ಮೇಪಲ್ ಮರ, ಎಲ್ಲ ನೋಡಿ ಕಣ್ಣು ತುಂಬಿತು. ಕೊನೆಗೆ ಫೋನನ್ನು ಕೆಳಗೆ ತಿರುಗಿಸಿ ‘ದೊಡ್ಡಮ್ಮಾ, ಮನೆಪೂರ್ತಿ ಓಕ್ ಮರದ ನೆಲ’ ಅಂದೆಯಲ್ಲ, ಆಗ ಆ ಹೊಳೆಯುವ ನೆಲದ ಮೇಲೆ ಒಂದು ಬಕೆಟ್ ನೀರು, ಅದರೊಳಗೆ ನೆನೆಯುತ್ತಿದ್ದ ಬಟ್ಟೆ, ಪಕ್ಕದಲ್ಲಿ ಊರಿಂದ ತಂದ ಫಿನಾಯಿಲ್ ಬಾಟಲಿ ಕಂಡವು. ನಿನ್ನ ಅತ್ತೆ ಮಾವ ಅಲ್ಲೇ ಕೂತಿದ್ದರು, ಅವರೆದುರು ಹೇಳುವುದು ಬೇಡವೆಂದು ಸುಮ್ಮನಾದೆ. ಈಗ ಸಮಾಧಾನವಾಗಿ ಕೂತು ಬರೆಯುತ್ತಿದ್ದೇನೆ. ಮೊದಲು ಆ ಬಕೆಟ್ಟನ್ನು ಎತ್ತಿ ಬಚ್ಚಲಲ್ಲಿಟ್ಟು ಬಾ, ಆಮೇಲೆ ಮುಂದೆ ಓದು.

ನಿನ್ನನ್ನು ಬೈಯುತ್ತಿಲ್ಲ ಕಣೇ. ನಮ್ಮ ಕೈ ಕಲಿತಿರುವುದೇ ಹಾಗೆ. ಕೆಂಪು ಸಿಮೆಂಟು, ಮೊಸಾಯಿಕ್, ಕಡಪ ಕಲ್ಲು, ಈಗಿನ ಟೈಲ್ಸು, ಯಾವುದಾದರೂ ನೀರು ಹಾಕಿ ಒರೆಸಿದರೇ ನಮಗೆ ಮನೆ ಶುದ್ಧವಾಯಿತು ಅನ್ನಿಸುವುದು. ನಾನೂ ಅದೇ ಕೈ ಹೊತ್ತುಕೊಂಡು 1986ರಲ್ಲಿ ಮಿಶಿಗನ್‌ಗೆ ಬಂದವಳು. ಡೆಟ್ರಾಯಿಟ್ ಹೊರವಲಯದಲ್ಲಿ ನಾವು ಕೊಂಡ ಮೊದಲ ಮನೆಯ ನೆಲವೂ ಓಕ್. ಪ್ರತಿ ಶುಕ್ರವಾರ ಸೆರಗು ಸಿಕ್ಕಿಸಿ, ಮಂಡಿಯೂರಿ, ಬಕೆಟ್ ನೀರಿನಲ್ಲಿ ಇಡೀ ಮನೆ ಒರೆಸುತ್ತಿದ್ದೆ. ಮೂರನೆಯ ಬೇಸಿಗೆಯಲ್ಲಿ ಅಡುಗೆಮನೆ ಬಾಗಿಲ ಹತ್ತಿರ, ವಾರವಾರವೂ ಬಕೆಟ್ ಇಡುತ್ತಿದ್ದ ಜಾಗದ ಸುತ್ತ, ಬರಿಗಾಲಿಗೆ ಏನೋ ಏರುತಗ್ಗು ಹತ್ತಿತು. ಬಗ್ಗಿ ನೋಡಿದರೆ ಹಲಗೆಗಳೆಲ್ಲ ನಡುವೆ ತಗ್ಗಿ ಅಂಚಿನಲ್ಲಿ ಎದ್ದಿದ್ದವು, ನಾಡಹಂಚನ್ನು ಸಾಲಾಗಿ ಅಂಗಾತ ಮಲಗಿಸಿದ ಹಾಗೆ. ಸಾಲ ಮಾಡಿ ಕೊಂಡ ಮನೆ. ಅಲ್ಲೇ ಕೂತು ಅತ್ತುಬಿಟ್ಟೆ.

ಪಕ್ಕದ ಮನೆಯಲ್ಲಿ ವಯಸ್ಸಾದ ಬಡಗಿಯೊಬ್ಬರಿದ್ದರು, ಕೆಲಸದಿಂದ ನಿವೃತ್ತರಾದವರು. ಅವರು ಬಂದು ಹಲಗೆಗಳ ಮೇಲೆ ಅಂಗೈ ಆಡಿಸಿದರು. ಏನೂ ಹೇಳದೆ ತಮ್ಮ ಗರಾಜಿಗೆ ಹೋಗಿ ನಾಲ್ಕು ಬೆರಳುದ್ದದ ಕೆಂಪು ಓಕ್ ತುಂಡು ತಂದರು. ಅದರ ಒಂದು ತುದಿಯನ್ನು ಲೋಟದ ನೀರಿನಲ್ಲಿ ಮುಳುಗಿಸಿ, ಇನ್ನೊಂದು ತುದಿಗೆ ಬಾಯಿಟ್ಟು ಊದಲು ಹೇಳಿದರು. ಊದಿದೆ. ಲೋಟದೊಳಗೆ ಗುಳುಗುಳು ಗುಳ್ಳೆ ಎದ್ದವು! ಗಟ್ಟಿ ಮರವೆಂದು ನಾನು ತಿಳಿದಿದ್ದದ್ದು ಒಳಗೆ ಸಾವಿರಾರು ಸಣ್ಣ ನಾಳಗಳ ಕಟ್ಟು. ಮರ ನಿಂತಿದ್ದಾಗ ಬೇರಿನಿಂದ ಎಲೆಗೆ ನೀರು ಏರುತ್ತಿದ್ದ ದಾರಿಗಳು ಕಡಿದು ಹಲಗೆ ಮಾಡಿದ ಮೇಲೂ ತೆರೆದೇ ಇರುತ್ತವೆ. ಬಿಳಿ ಓಕ್‌ನಲ್ಲಿ ಈ ನಾಳಗಳು ಒಳಗೇ ಮುಚ್ಚಿಕೊಂಡಿರುತ್ತವೆ. ಪೀಪಾಯಿ ಮಾಡುವವರು ಬಿಳಿ ಓಕನ್ನೇ ಹುಡುಕುವುದು ಅದಕ್ಕೇ. ಆದರೆ ಯಾವ ಓಕ್ ಆದರೂ ನೀರು ಕುಡಿದರೆ ಅಗಲಕ್ಕೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ.

ಆವತ್ತು ರಾತ್ರಿ ತೀರ್ಥಹಳ್ಳಿ ಕಡೆಯ ನಮ್ಮಜ್ಜನ ಮನೆ ನೆನಪಾಯಿತು. ಕೆಳಗೆ ಸಗಣಿ ಸಾರಿಸಿದ ನೆಲ, ಮೇಲೆ ಹಲಸಿನ ಹಲಗೆ ಹಾಸಿದ ಅಟ್ಟ. ಕೆಳಗಿನ ನೆಲಕ್ಕೆ ನೀರು ಧಾರಾಳವಾಗಿ ಬಳಸುತ್ತಿದ್ದ ಅಜ್ಜಿ, ಅಟ್ಟಕ್ಕೆ ನೀರಿನ ಚೊಂಬು ಒಯ್ಯಲೂ ನಮ್ಮನ್ನು ಬಿಡುತ್ತಿರಲಿಲ್ಲ. ಅಲ್ಲಿಗೆ ಒಣ ಪೊರಕೆ, ಹಬ್ಬಕ್ಕೊಮ್ಮೆ ಚೆನ್ನಾಗಿ ಹಿಂಡಿದ ಬಟ್ಟೆ, ಅಷ್ಟೇ. ಅಜ್ಜಿ ನೆಲವನ್ನು ನೋಡಿ ಕೈ ಹಾಕುತ್ತಿದ್ದರು. ನಾನು ಕೈಗೆ ರೂಢಿಯಾದದ್ದನ್ನು ನೆಲದ ಮೇಲೆ ಹೇರಿದೆ. ಇಷ್ಟು ವರ್ಷ ಮನೆ ನಡೆಸಿ ನಾನು ಕಲಿತದ್ದು ಇದೊಂದು ಮಾತು, ನಿನಗೂ ಇದನ್ನೇ ಹೇಳುವುದು: ಒರೆಸುವ ಮೊದಲು ನೋಡು.

ಏನನ್ನು ನೋಡಬೇಕು? ಮೊದಲು ನೆಲದ ಹೊಟ್ಟೆಯನ್ನು ನೋಡು. ಬಿಸಿಗಾಳಿ ಬರುವ ಕಿಂಡಿಯ ಮೇಲೊಂದು ಜಾಲರಿ ಇರುತ್ತದಲ್ಲ, ಅದನ್ನು ಎತ್ತು. ಹಲಗೆಯ ಕತ್ತರಿಸಿದ ಅಂಚು ಅಲ್ಲಿ ಕಾಣುತ್ತದೆ. ಮೇಲಿಂದ ಕೆಳತನಕ ಒಂದೇ ಮರವಾದರೆ ಅದು ಇಡೀ ಹಲಗೆ. ನಿನ್ನದು 1950ರ ದಶಕದ ಮನೆ ಅಂದೆ. ಆ ಕಾಲದ ಅಮೆರಿಕದ ಮನೆಗಳಲ್ಲಿ ಎರಡೂಕಾಲು ಅಂಗುಲ ಅಗಲ, ಮುಕ್ಕಾಲು ಅಂಗುಲ ದಪ್ಪದ ಓಕ್ ಪಟ್ಟಿಗಳೇ ಹೆಚ್ಚು. ಅಂಚಿನಲ್ಲಿ ಪದರ ಪದರ ಕಂಡರೆ ಅದು ಪ್ಲೈವುಡ್ ಮೇಲೆ ತೆಳು ಓಕ್ ಅಂಟಿಸಿದ ನೆಲ. ಇಡೀ ಹಲಗೆಯನ್ನು ಅದರ ಆಯುಸ್ಸಿನಲ್ಲಿ ನಾಲ್ಕೈದು ಸಲ ಉಜ್ಜಿ ಹೊಸದು ಮಾಡಿಸಬಹುದು. ತೆಳು ಪದರದ್ದನ್ನು ಒಂದು ಸಲ ಮಾಡಿಸಬಹುದು, ಕೆಲವಕ್ಕೆ ಅದೂ ಆಗುವುದಿಲ್ಲ.

ಆಮೇಲೆ ಮೈಯನ್ನು ನೋಡು. ನೀನು ಒರೆಸುತ್ತಿರುವುದು ಮರವನ್ನಲ್ಲ, ಮರದ ಮೇಲಿರುವ ಪಾಲಿಯುರೆಥೇನ್ ಲೇಪವನ್ನು. ಮೂರು ಸಲ ಬಳಿದರೂ ಅದರ ದಪ್ಪ ಹೆಚ್ಚುಕಡಿಮೆ ಒಂದು ತಲೆಗೂದಲಿನಷ್ಟು. ಆ ಕೂದಲೆಳೆ ಇರುವ ತನಕ ನೆಲ ಕ್ಷೇಮ. ಅದನ್ನು ಸವೆಯಿಸುವುದು ನಡೆದಾಟಕ್ಕಿಂತ ಕಾಲಡಿಯ ಮರಳು. ಓಕ್ ಎಷ್ಟೇ ಗಟ್ಟಿಯಾದರೂ ಮರಳಿನ ಹರಳು ಅದಕ್ಕಿಂತ ಬಹಳ ಗಟ್ಟಿ. ಒಂದು ಚಿಟಿಕೆ ಮರಳು ಬಿದ್ದ ಜಾಗದಲ್ಲಿ ಮಕ್ಕಳು ಓಡಾಡಿದರೆ ಸ್ಯಾಂಡ್ ಪೇಪರ್ ಹಾಕಿ ಉಜ್ಜಿದ ಹಾಗೆ.

ಈ ವಿಷಯದಲ್ಲಿ ನಮ್ಮ ಹಿರಿಯರ ಪದ್ಧತಿಯೇ ನಿನಗೆ ದೊಡ್ಡ ರಕ್ಷೆ. ಚಪ್ಪಲಿ, ಬೂಟು ಹೊರಗೆ. ಬಂದವರಿಗೆ ಹೇಳಲು ಸಂಕೋಚ ಬೇಡ, ಬಾಗಿಲಲ್ಲಿ ಒಂದು ಬೆಂಚು, ಒಂದು ಗೂಡು ಇಟ್ಟರೆ ಅವರೇ ಬಿಚ್ಚುತ್ತಾರೆ. ಬಾಗಿಲ ಹೊರಗೊಂದು ಒರಟು ಮ್ಯಾಟು, ಒಳಗೊಂದು ಮೆತ್ತನೆಯದು. ಚಳಿಗಾಲದಲ್ಲಿ ಹಿಮದ ಬೂಟಿಗೆ ಅಂಚಿರುವ ಟ್ರೇ ಇಡು. ಡೆಟ್ರಾಯಿಟ್ ಊರಿನ ಅಡಿಯಲ್ಲೇ, ಸಾವಿರ ಅಡಿಗೂ ಕೆಳಗೆ, ಉಪ್ಪಿನ ಗಣಿ ಇದೆ. ರಸ್ತೆಯ ಹಿಮ ಕರಗಿಸಲು ಸುರಿಯುವುದು ಆ ಉಪ್ಪನ್ನೇ. ನಿಮ್ಮ ನ್ಯೂಜೆರ್ಸಿಯ ರಸ್ತೆಗೂ ಚಳಿಗಾಲದಲ್ಲಿ ಉಪ್ಪು ಬೀಳುತ್ತದೆ. ಬೂಟಿಗೆ ಅಂಟಿ ಒಳಗೆ ಬಂದರೆ ಹರಳು ಗೀರುತ್ತದೆ, ಕರಗಿದರೆ ಬಿಳಿ ಪೊರೆ ಕಟ್ಟುತ್ತದೆ. ಅದನ್ನು ಅಂದೇ ಒರೆಸು, ನಾಳೆಗೆ ಬಿಡಬೇಡ.

ದಿನಕ್ಕೊಂದು ಸಲ, ರಾತ್ರಿ ಊಟದ ಪಾತ್ರೆಗಳು ಡಿಶ್‌ವಾಷರಿಗೆ ಹೋದ ಮೇಲೆ, ಒಣ ಮೈಕ್ರೋಫೈಬರ್ ಮಾಪು ಆಡಿಸು. ಅಡುಗೆಮನೆ, ಬಾಗಿಲು, ಊಟದ ಮೇಜಿನ ಸುತ್ತ, ಈ ಮೂರು ಜಾಗ ಸಾಕು. ಐದು ನಿಮಿಷದ ಕೆಲಸ. ವಾರಕ್ಕೆ ಎರಡು ಸಲ ವ್ಯಾಕ್ಯೂಮ್ ಮಾಡು, ಆದರೆ ಕಾರ್ಪೆಟ್ಟಿಗೆಂದು ತಿರುಗುವ ಗಡಸು ಬ್ರಷ್ಷನ್ನು ಬಂದ್ ಮಾಡು, ಇಲ್ಲವೇ ಮೆತ್ತನೆ ಕೂದಲಿನ ಮೂತಿ ಹಾಕು. ಒದ್ದೆ ಒರೆಸುವುದು ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ. ಅದೂ ಹೇಗೆ? ಮಾಪಿನ ಬಟ್ಟೆಗೆ ಮರದ ನೆಲಕ್ಕೆಂದೇ ಸಿಗುವ ದ್ರಾವಣವನ್ನು ತುಸು ಸಿಂಪಡಿಸಿ, ಮರದ ಎಳೆ ಹೋಗುವ ಉದ್ದಕ್ಕೆ ಒರೆಸು. ಹಿಂತಿರುಗಿ ನೋಡುವಷ್ಟರಲ್ಲಿ, ಒಂದೆರಡು ನಿಮಿಷದೊಳಗೆ, ಒರೆಸಿದ ಗುರುತು ಆರಿರಬೇಕು. ಆರದಿದ್ದರೆ ನೀರು ಹೆಚ್ಚಾಯಿತು ಎಂದೇ ಲೆಕ್ಕ.

ಕೆಲವು ಮನೆಮದ್ದುಗಳನ್ನು ಯಾರು ಹೇಳಿದರೂ ಕೇಳಬೇಡ. ವಿನೆಗರ್ ಹುಳಿ ಪದಾರ್ಥ, ಮತ್ತೆಮತ್ತೆ ಹಾಕಿದರೆ ಲೇಪದ ಹೊಳಪನ್ನು ತಿನ್ನುತ್ತದೆ. ಅಡುಗೆಸೋಡ ಗೀರುತ್ತದೆ. ಹಬೆ ಬಿಡುವ ಮಾಪು ಬಿಸಿ ಆವಿಯನ್ನು ಹಲಗೆಯ ಸಂದಿಗೆ ಒತ್ತಿ ಕಳಿಸುತ್ತದೆ, ನನ್ನ ಬಕೆಟ್ಟಿಗಿಂತ ಅದು ಕೇಡು. ಮೇಣ, ಎಣ್ಣೆ, ಎಣ್ಣೆಸೋಪು ಹಚ್ಚಿದ ದಿನ ನೆಲ ಲಕಲಕ ಅನ್ನುತ್ತದೆ ನಿಜ. ಆದರೆ ಲೇಪದ ಮೇಲೆ ಎಣ್ಣೆ ಒಳಗಿಳಿಯುವುದಿಲ್ಲ, ಮೇಲೇ ಕೂತು ಧೂಳು ಹಿಡಿಯುತ್ತದೆ, ವಯಸ್ಸಾದವರ ಕಾಲು ಜಾರುತ್ತದೆ, ಮುಂದೆ ಹೊಸ ಲೇಪ ಹಾಕಿಸಿದರೆ ಅದು ಹಿಡಿಯುವುದಿಲ್ಲ. ಅಜ್ಜನ ಮನೆಯ ಬಾಗಿಲಿಗೆ ಎಣ್ಣೆ ಹಚ್ಚುತ್ತಿದ್ದುದು ಸರಿಯೇ, ಅದು ಬರಿಮರ. ಇದು ಅಂಗಿ ತೊಟ್ಟ ಮರ.

ಇನ್ನು ನಮ್ಮ ಮನೆಗಳ ವಿಷಯಕ್ಕೆ ಬರುತ್ತೇನೆ. ಇಲ್ಲಿನ ಪುಸ್ತಕಗಳು ನಾಯಿಯ ಉಗುರು, ಚೆಲ್ಲಿದ ವೈನ್ ಎಂದು ಬರೆಯುತ್ತವೆ. ನಮ್ಮಲ್ಲಿ ಬೀಳುವುದು ಅರಿಶಿನ, ಕುಂಕುಮ, ದೀಪದ ಎಣ್ಣೆ, ತುಳಸಿಯ ನೀರು. ಅರಿಶಿನ ಕುಂಕುಮ ಚೆಲ್ಲಿದರೆ ಒಣದಾಗಿಯೇ ತೆಗೆ, ವ್ಯಾಕ್ಯೂಮಿನ ಬಾಯಿಂದ ಎಳೆಸು. ಒದ್ದೆ ಬಟ್ಟೆ ಮುಟ್ಟಿಸಿದೆಯೋ, ಪುಡಿಯಾಗಿದ್ದದ್ದು ಬಣ್ಣವಾಗಿ ಹರಡುತ್ತದೆ. ಅರಿಶಿನದ ಹಳದಿ ಉಳಿದರೆ ಬ್ಲೀಚ್ ಹಾಕಬೇಡ. ಅರಿಶಿನ ಹತ್ತಿದ ಬಟ್ಟೆಯನ್ನು ನಾವು ಬಿಸಿಲಿಗೆ ಹರವುವುದಿಲ್ಲವೇ? ಪರದೆ ಸರಿಸಿ ನಾಲ್ಕು ದಿನ ಬಿಸಿಲು ಬೀಳಲಿ, ತಾನೇ ಮಾಸುತ್ತದೆ. ಎಣ್ಣೆ, ತುಪ್ಪ ಬಿದ್ದರೆ ಮೊದಲು ಒಣ ಕಾಗದದಿಂದ ಹೀರಿಸಿ, ಆಮೇಲೆ ದ್ರಾವಣದಿಂದ ಒರೆಸು. ಅಂಗಡಿಯ ರಂಗೋಲಿ ಪುಡಿ ಎಂದರೆ ಕಲ್ಲಿನ ಪುಡಿ, ಅದು ಮರದ ನೆಲಕ್ಕೆ ಬರಲೇಬಾರದು. ದೇವರ ಮುಂದೆ ಒಂದು ಮಣೆ ಇಟ್ಟು ಅದರ ಮೇಲೆ ಅಕ್ಕಿಹಿಟ್ಟಿನಲ್ಲಿ ಎಳೆ ಹಾಕು.

ತುಳಸಿ ಕುಂಡದ ಬಗ್ಗೆ ಒಂದು ಮಾತು ವಿಶೇಷವಾಗಿ ಹೇಳಬೇಕು. ನಿನ್ನ ಬಾಣಂತನಕ್ಕೆ ನಿಮ್ಮಮ್ಮ ಊರಿಂದ ತಂದ ಡಬ್ಬಿಯಲ್ಲಿ ಮಾಚಿಕಾಯಿ ಇತ್ತು, ನೆನಪಿದೆಯೇ? ಅದು ನಿಜವಾಗಿ ಕಾಯಲ್ಲ. ಓಕ್ ಜಾತಿಯ ಒಂದು ಮರದಲ್ಲಿ ಸಣ್ಣ ಕಣಜವೊಂದು ಮೊಟ್ಟೆಯಿಟ್ಟಾಗ ಆ ಜಾಗದಲ್ಲಿ ಬೆಳೆಯುವ ಗಂಟು. ಅದರ ಒಗರಿಗೆ ಕಾರಣ ಟ್ಯಾನಿನ್. ಯುರೋಪಿನಲ್ಲಿ ನೂರಾರು ವರ್ಷ ಆ ಗಂಟಿನ ರಸಕ್ಕೆ ಕಬ್ಬಿಣದ ಲವಣ ಸೇರಿಸಿ ಬರೆಯುವ ಕರಿಮಸಿ ಮಾಡಿದರು. ನಿನ್ನ ನೆಲದ ಹಲಗೆಯಲ್ಲೂ ಇರುವುದು ಅದೇ ಟ್ಯಾನಿನ್. ಕುಂಡದ ಕಬ್ಬಿಣದ ಸ್ಟ್ಯಾಂಡು, ಅದರ ಅಡಿ ನಿಂತ ನೀರು, ಓಕ್, ಈ ಮೂರು ಕೂಡಿದರೆ ನೆಲದ ಮೇಲೇ ಮಸಿ ತಯಾರಾಗುತ್ತದೆ. ಆ ಕರಿ ಉಂಗುರ ಒರೆಸಿದರೆ ಹೋಗುವಂಥದ್ದಲ್ಲ. ಲೇಪ ತೆಗೆದು, ಆಕ್ಸಾಲಿಕ್ ಆಮ್ಲ ಹಾಕಿ ತಿಳಿ ಮಾಡಬೇಕು, ಅದು ಕೈಪಳಗಿದವರ ಕೆಲಸ. ಕುಂಡದ ಅಡಿ ತಟ್ಟೆ ಇಡು, ತಟ್ಟೆಯೂ ನೆಲಕ್ಕೆ ತಾಗದಂತೆ ಕಾಲಿರುವ ಮರದ ಪೀಠದ ಮೇಲಿರಲಿ. ನೀರೆರೆದ ಮೇಲೆ ಒಮ್ಮೆ ಪೀಠದ ಕೆಳಗೆ ಕೈಯಾಡಿಸಿ ನೋಡು.

ಸತ್ಯನಾರಾಯಣ ಪೂಜೆಗೆ ಐವತ್ತು ಜನರನ್ನು ಕರೆಯಲು ಹಿಂಜರಿಯಬೇಡ. ಮನೆ ಇರುವುದು ಜನ ಬಂದು ಕೂರಲಿ ಎಂದೇ. ಹತ್ತಿಯ ಜಮಖಾನ ಹಾಸು. ಕಳಶ, ಅಭಿಷೇಕದ ಪಾತ್ರೆ, ದೀಪಗಳೆಲ್ಲ ಅಂಚಿರುವ ದೊಡ್ಡ ತಟ್ಟೆಗಳಲ್ಲಿರಲಿ. ಹೋಮವನ್ನು ಹಿತ್ತಿಲಲ್ಲಿ ಇಟ್ಟುಕೋ, ಕುಂಡದ ಕಾವು ಇಟ್ಟಿಗೆ ದಾಟಿಯೂ ಕೆಳಗಿಳಿಯುತ್ತದೆ. ಬಾಡಿಗೆಗೆ ತಂದ ಮಡಿಸುವ ಕುರ್ಚಿಗಳ ಕಾಲಿನ ರಬ್ಬರ್ ಟೊಪ್ಪಿ ಕಳಚಿ ಕಬ್ಬಿಣ ಹೊರಗೆ ಬಂದಿರುತ್ತದೆ, ಒಂದೊಂದನ್ನೂ ಮಗುಚಿ ನೋಡಿಯೇ ಒಳಗೆ ಬಿಡು. ನೀರು ಚೆಲ್ಲಿದರೆ ಯಾರಾದರೂ ತಕ್ಷಣ ಒರೆಸಲೆಂದು ಮೂರ್ನಾಲ್ಕು ಒಣ ಟವೆಲ್ಲುಗಳನ್ನು ಕೈಗೆ ಸಿಗುವ ಕಡೆ ಇಟ್ಟಿರು.

ನಿತ್ಯದ ಕುರ್ಚಿ ಮೇಜುಗಳ ಕಾಲಿಗೆ ಉಣ್ಣೆಯಂಥ ಫೆಲ್ಟ್ ಬಿಲ್ಲೆ ಅಂಟಿಸು, ವರ್ಷಕ್ಕೊಮ್ಮೆ ಬದಲಾಯಿಸು. ಮರಳು ಕಚ್ಚಿಕೊಂಡ ಹಳೇ ಬಿಲ್ಲೆಯೇ ಗೀರಲು ಶುರು ಮಾಡುತ್ತದೆ. ಗ್ರೈಂಡರನ್ನು ನೆಲದ ಮೇಲಿಟ್ಟು ರುಬ್ಬಬೇಡ. ಫ್ರಿಜ್ ಸರಿಸುವಾಗ ಕೆಳಗೆ ಹಾರ್ಡ್‌ಬೋರ್ಡ್ ಹಾಸು. ರತ್ನಗಂಬಳಿಯ ಅಡಿ ರಬ್ಬರ್ ಬೇಡ, ಅದು ಲೇಪದ ಬಣ್ಣ ಕೆಡಿಸಿ ಅಂಟಿಕೊಳ್ಳುತ್ತದೆ. ಬಿಸಿಲಿಗೆ ಓಕ್ ಬಣ್ಣ ತಿರುಗುತ್ತದೆ, ಹಾಗಾಗಿ ಕೆಲವು ತಿಂಗಳಿಗೊಮ್ಮೆ ಗಂಬಳಿಯ ಜಾಗ ಬದಲಿಸು.

ಕಣ್ಣಿಗೆ ಕಾಣದ ನೀರು ಒಂದಿದೆ, ಅದು ಗಾಳಿಯಲ್ಲಿರುವುದು. ಡಿಸೆಂಬರಿನಲ್ಲಿ ಹೀಟರ್ ಶುರುವಾದ ಮೇಲೆ ಮನೆಯ ಗಾಳಿ ಒಣಗುತ್ತದೆ, ನಿನ್ನ ತುಟಿ ಒಡೆಯುವ ಹಾಗೆ ಹಲಗೆಗಳ ನಡುವೆ ಸಂದು ಬಿಡುತ್ತದೆ. ಮೊದಲ ಚಳಿಗಾಲ ಅದನ್ನು ನೋಡಿ ನಿನಗೆ ದಿಗಿಲಾಗಬಹುದು. ಪುಟ್ಟಿ ತುಂಬಿಸಲು ಹೋಗಬೇಡ. ಜುಲೈ ತಿಂಗಳ ಸೆಕೆಗೆ ಹಲಗೆ ಮತ್ತೆ ಉಬ್ಬುತ್ತದೆ, ಆಗ ತುಂಬಿದ ಪುಟ್ಟಿ ಕಿತ್ತು ಹೊರಬರುತ್ತದೆ. ಹತ್ತು ಹದಿನೈದು ಡಾಲರಿಗೆ ತೇವಾಂಶ ತೋರಿಸುವ ಪುಟ್ಟ ಮಾಪಕ ಸಿಗುತ್ತದೆ. ಅದು ವರ್ಷಪೂರ್ತಿ 35ರಿಂದ 50 ಪ್ರತಿಶತದ ನಡುವೆ ಇರುವ ಹಾಗೆ ನೋಡಿಕೋ. ಚಳಿಯಲ್ಲಿ ಹ್ಯೂಮಿಡಿಫೈಯರ್, ಸೆಕೆಯಲ್ಲಿ ಏಸಿ. ಮಗುವಿನ ಮೂಗು ಒಣಗಿ ರಕ್ತ ಬರುವುದೂ ಅದರಿಂದ ಕಡಿಮೆಯಾಗುತ್ತದೆ.

ಲೇಪ ಸವೆದಿದೆಯೋ ಇಲ್ಲವೋ ಹೇಗೆ ತಿಳಿಯುವುದು? ಸಿಂಕಿನ ಮುಂದೆ, ಬಾಗಿಲ ಬಳಿ, ಹೆಚ್ಚು ಕಾಲು ತಿರುಗುವ ಜಾಗದಲ್ಲಿ ಎರಡು ಹನಿ ನೀರು ಹಾಕಿ ಕೂತು ನೋಡು. ಕೆಸುವಿನೆಲೆಯ ಮೇಲಿನ ಹಾಗೆ ಮುತ್ತಾಗಿ ನಿಂತರೆ ಚಿಂತೆಯಿಲ್ಲ. ಸ್ವಲ್ಪ ಹೊತ್ತಿಗೆ ಅಡಿಯ ಮರ ಕಪ್ಪಗಾದರೆ ಲೇಪ ಹೋಗಿದೆ ಎಂದರ್ಥ. ಅಲ್ಲಿಯ ತನಕ ಕಾಯದೆ, ಹೊಳಪು ಮಂಕಾದಾಗಲೇ ಮೇಲ್ಮೈಯನ್ನು ಹಗುರವಾಗಿ ಉಜ್ಜಿಸಿ ಒಂದು ಹೊಸ ಲೇಪ ಹಾಕಿಸು. ಮಕ್ಕಳಿರುವ ಮನೆಯಲ್ಲಿ ಐದಾರು ವರ್ಷಕ್ಕೊಮ್ಮೆ ಬೇಕಾದೀತು. ಒಂದೆರಡು ದಿನದ ಕೆಲಸ, ಮರ ಒಂದಿಷ್ಟೂ ಸವೆಯುವುದಿಲ್ಲ. ತಡಮಾಡಿ ಇಡೀ ನೆಲ ಕೆರೆಸುವ ಪಾಡು ಬಂದರೆ ಖರ್ಚೂ ಹಲವು ಪಟ್ಟು, ನೆಲದ ಆಯುಸ್ಸೂ ಒಂದು ಪಾಲು ಕಡಿಮೆ. ಹೊಸ ಲೇಪದ ಮೇಲೆ ಒಂದು ದಿನ ಕಾಲಿಡಬೇಡ, ಗಂಬಳಿಯನ್ನು ಮೂರು ನಾಲ್ಕು ವಾರ ಹಾಸಬೇಡ.

ಇದೆಲ್ಲ ನಿನ್ನೊಬ್ಬಳ ಕೆಲಸವಾಗಬಾರದು, ಮಗಳೇ. ನಾನು ಹಾಗೆ ಮಾಡಿಕೊಂಡೆ, ಶುಕ್ರವಾರಗಳೆಲ್ಲ ಮಂಡಿಯ ಮೇಲೇ ಕಳೆದವು. ರಾತ್ರಿಯ ಮಾಪು ಅಳಿಯಂದಿರದ್ದಾಗಲಿ. ಬೂಟು ಗೂಡಿಗೆ ಸೇರಿಸುವುದು ಮಗುವಿನದಾಗಲಿ, ನಾಲ್ಕು ವರ್ಷದ ಮಗುವಿಗೆ ಆ ಕೆಲಸ ಹಬ್ಬ. ಮಗು ಆಡಿದ್ದಕ್ಕೆ, ಓಡಿದ್ದಕ್ಕೆ ನೆಲದ ಹೆಸರು ಹೇಳಿ ಗದರಬೇಡ. ಬ್ಯಾಸ್ಕೆಟ್‌ಬಾಲ್ ಅಂಗಳಗಳಿಗೆ ಹಾಸುವುದೂ ಮರವನ್ನೇ, ಮೇಪಲ್ ಮರವನ್ನು. ಕುಣಿತಕ್ಕೆ ಮರ ಹೆದರುವುದಿಲ್ಲ. ನಿಂತ ನೀರಿಗೆ, ಮರಳಿಗೆ ಹೆದರುತ್ತದೆ.

ನನ್ನ ಎದ್ದ ಹಲಗೆಗಳ ಕಥೆ ಅರ್ಧಕ್ಕೇ ಬಿಟ್ಟೆ. ಆಗ ಕರೆಸಿದ ಗುತ್ತಿಗೆದಾರ, ಮೂರೇ ದಿನದಲ್ಲಿ ಅಂಚು ಕೆರೆದು ಸಮ ಮಾಡಿಕೊಡುತ್ತೇನೆಂದ. ನಿಮ್ಮ ದೊಡ್ಡಪ್ಪ ಮುಂಗಡ ಕೊಡಲು ಸಿದ್ಧರಾಗಿದ್ದರು. ಪಕ್ಕದ ಮನೆಯ ಬಡಗಿ ತಡೆದರು. ಮರ ಇನ್ನೂ ಒಳಗೆ ಒದ್ದೆಯಿದೆ, ಎದ್ದ ಅಂಚನ್ನು ಈಗ ಕೆರೆದರೆ, ಒಣಗಿ ಮಲಗಿದ ಮೇಲೆ ಅಂಚು ತಗ್ಗಿ ನಡು ಉಬ್ಬುತ್ತದೆ, ಆಮೇಲೆ ಸರಿಮಾಡಲು ಮರವೇ ಉಳಿದಿರುವುದಿಲ್ಲ ಎಂದರು. ಬಕೆಟ್ ನಿಲ್ಲಿಸಿದೆವು. ನೆಲಮಾಳಿಗೆಯಲ್ಲಿ ತೇವ ಹೀರುವ ಯಂತ್ರ ಇಟ್ಟೆವು. ಬೇಸಿಗೆ ಕಳೆಯಿತು, ಎಲೆ ಉದುರಿತು, ಹೀಟರ್ ಶುರುವಾಯಿತು. ನಾನು ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಆ ಜಾಗದಲ್ಲಿ ಬರಿಗಾಲಲ್ಲಿ ನಿಲ್ಲುತ್ತಿದ್ದೆ. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಎದ್ದಿದ್ದ ಅಂಚು ಕಾಲಿಗೆ ಸಿಗಲಿಲ್ಲ. ಬಡಗಿ ಬಂದು ಎರಡು ಮುಳ್ಳಿನ ತೇವಮಾಪಕ ಚುಚ್ಚಿ ನೋಡಿ, ಈಗ ಉಜ್ಜಿಸಬಹುದು, ಆದರೆ ಉಜ್ಜಿಸುವ ಅಗತ್ಯವೇ ಇಲ್ಲ ಎಂದರು. ಲೇಪ ಮಾತ್ರ ಹೊಸದು ಹಾಕಿಸಿದೆವು.

ಅದಕ್ಕೇ ಹೇಳುತ್ತೇನೆ, ಹೊಸ ಮನೆಯಲ್ಲಿ ಒಂದು ವರ್ಷ ಏನನ್ನೂ ಕೆರೆಸಬೇಡ, ತುಂಬಿಸಬೇಡ. ಬಿಸಿಲು ಯಾವ ತಿಂಗಳು ಎಲ್ಲಿಗೆ ಬರುತ್ತದೆ, ಸಂದು ಎಲ್ಲಿ ಬಿಡುತ್ತದೆ, ಯಾವ ಜಾಗದಲ್ಲಿ ಎಲ್ಲರ ಕಾಲೂ ತಿರುಗುತ್ತದೆ, ಬರಿಗಾಲಲ್ಲಿ ನಡೆದು ತಿಳಿದುಕೋ. ಮುಂದಿನ ಮಾರ್ಚ್‌ಗೆ ನಾನೇ ಬರುತ್ತೇನೆ. ಇಬ್ಬರೂ ಸಿಂಕಿನ ಮುಂದೆ ಕೂತು ಎರಡು ಹನಿ ನೀರು ಹಾಕಿ ನೋಡೋಣ.

ನಿನ್ನ ದೊಡ್ಡಮ್ಮ